ಇಲ್ಲದ ಷೇರು, ಇರುವ ಭತ್ತ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂಬ ಗಾದೆ ನಮ್ಮಲ್ಲಿ ಆತುರಗಾರರನ್ನು ಗೇಲಿ ಮಾಡಲು ಬಳಕೆಯಾಗುತ್ತದೆ. ಇಂಗ್ಲಿಷರಲ್ಲಿ ಇದಕ್ಕೆ ಹತ್ತಿರದ ಗಾದೆಯೊಂದಿತ್ತು: ಕರಡಿಯನ್ನು ಹಿಡಿಯುವ ಮೊದಲೇ ಅದರ ಚರ್ಮವನ್ನು ಮಾರಬೇಡ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಷೇರು ಪೇಟೆಯಲ್ಲಿ ತಮ್ಮ ಕೈಯಲ್ಲಿಲ್ಲದ ಷೇರುಗಳನ್ನು ಮಾರುತ್ತಿದ್ದವರಿಗೆ ಈ ಗಾದೆಯಿಂದಲೇ ‘ಕರಡಿ ಚರ್ಮದ ದಲ್ಲಾಳಿ’ ಎಂಬ ಅಡ್ಡಹೆಸರು ಬಂತು. ಕಾಲಾಂತರದಲ್ಲಿ ಚರ್ಮ ಉದುರಿ ಕರಡಿ ಮಾತ್ರ ಉಳಿಯಿತು. ಬೆಲೆ ಇಳಿಯುತ್ತದೆಂದು ನಂಬಿ ಮಾರುವವನು ಕರಡಿ, ಏರುತ್ತದೆಂದು ನಂಬಿ ಕೊಳ್ಳುವವನು ಗೂಳಿ.

ಬಳ್ಳಾರಿ ಸೀಮೆಯವರಿಗೆ ಈ ಎರಡು ಪ್ರಾಣಿಗಳೂ ಅಪರಿಚಿತವಲ್ಲ. ಕುರುಗೋಡಿನ ದೊಡ್ಡಬಸವೇಶ್ವರ ದೇಗುಲದಲ್ಲಿ ಬೃಹತ್ ಬಸವನಿದ್ದಾನೆ. ದರೋಜಿಯ ಬಂಡೆಗುಡ್ಡಗಳಲ್ಲಿ ಕರಡಿಗಳಿಗಾಗಿಯೇ 1994ರಲ್ಲಿ ಘೋಷಿತವಾದ ಧಾಮವಿದೆ. ಆದರೆ ಮೊಬೈಲ್ ಫೋನಿನಲ್ಲಿ ಷೇರು ವ್ಯವಹಾರ ಮಾಡುವ ಬಳ್ಳಾರಿಯ ಯುವಕನಿಗೆ ಗೂಳಿಯಾಗುವುದು ಎಷ್ಟು ಸುಲಭವೋ ಕರಡಿಯಾಗುವುದು ಅಷ್ಟೇ ಕಷ್ಟ. ಕೊಳ್ಳುವ ಗುಂಡಿ ಒತ್ತಿದರೆ ಕ್ಷಣಾರ್ಧದಲ್ಲಿ ಷೇರು ಖಾತೆಗೆ ಬರುವ ಖಾತರಿ ಸಿಗುತ್ತದೆ. ಇಲ್ಲದ ಷೇರು ಮಾರಲು ಹೊರಟರೆ ಮಾತ್ರ ಆರ್ಡರ್ ತಿರಸ್ಕೃತವಾಗುತ್ತದೆ, ಇಲ್ಲವೇ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತದೆ, ಇಲ್ಲವೇ ಮಾರಿದ್ದನ್ನು ಸಂಜೆಯೊಳಗೆ ಕೊಂಡು ಮುಗಿಸೆಂದು ತಾಕೀತು ಬರುತ್ತದೆ. ಆ್ಯಪ್ ಸರಿಯಿಲ್ಲ, ದಲ್ಲಾಳಿ ಸಂಸ್ಥೆ ಸರಿಯಿಲ್ಲ ಎಂಬ ಗೊಣಗಾಟಕ್ಕೆ ಇದೇ ಮೂಲ. ಯಂತ್ರದ ದೋಷ ಕೆಲವೊಮ್ಮೆ ಇರಲೂಬಹುದು. ಆದರೆ ಬಹುಪಾಲು ಸಂದರ್ಭಗಳಲ್ಲಿ ಆ ತಿರಸ್ಕಾರದ ಹಿಂದೆ ನಾಲ್ಕು ಶತಮಾನದ ಜಗಳವೊಂದು ಅಡಗಿದೆ.

ಸೇರು ಅಕ್ಕಿಯ ಕಡ

ಶಾರ್ಟ್ ಸೆಲ್ಲಿಂಗ್ ಎಂಬ ಹೆಸರು ಹೊಸದೆನಿಸಿದರೂ ಅದರ ಒಳಗಿರುವ ವ್ಯವಹಾರ ನಮ್ಮ ಅಡುಗೆಮನೆಗಳಿಗೆ ಗೊತ್ತಿರುವಂಥದೇ. ಅಕ್ಕಿ ತೀರಿದಾಗ ಪಕ್ಕದ ಮನೆಯಿಂದ ಒಂದು ಸೇರು ಕಡ ತರುತ್ತೇವೆ. ಹಿಂದಿರುಗಿಸುವಾಗ ಅದೇ ಅಕ್ಕಿ ಕಾಳುಗಳನ್ನು ಕೊಡುವುದಿಲ್ಲ. ಅದೇ ಬಗೆಯ ಅಕ್ಕಿಯನ್ನು ಅದೇ ಅಳತೆಯಲ್ಲಿ ಕೊಡುತ್ತೇವೆ. ನಡುವೆ ಅಕ್ಕಿಯ ಬೆಲೆ ಏರಿತೇ ಇಳಿಯಿತೇ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಲೆಕ್ಕ ಹಾಕಿದರೆ ಅದು ಶಾರ್ಟ್ ಸೆಲ್ಲಿಂಗ್ ಆಗುತ್ತದೆ.

ಸಿರುಗುಪ್ಪದ ಒಬ್ಬ ವ್ಯಾಪಾರಿ ಭತ್ತದ ಬೆಲೆ ಸುಗ್ಗಿಯಲ್ಲಿ ಬೀಳುತ್ತದೆಂದು ಎಣಿಸಿದ್ದಾನೆ ಎಂದಿಟ್ಟುಕೊಳ್ಳಿ. ಅವನ ಗೋದಾಮಿನಲ್ಲಿ ಒಂದು ಚೀಲವೂ ಇಲ್ಲ. ಪರಿಚಯದ ಗಿರಣಿಯವರಿಂದ 75 ಕಿಲೋ ತೂಕದ 100 ಚೀಲ ಕಡ ತಂದು, ಚೀಲಕ್ಕೆ 2,000 ರೂಪಾಯಿಯಂತೆ ಮಾರಿಬಿಡುತ್ತಾನೆ. ಕೈಗೆ 2 ಲಕ್ಷ ಬಂತು. ಸುಗ್ಗಿಯಲ್ಲಿ ಬೆಲೆ 1,700ಕ್ಕೆ ಇಳಿದರೆ 1.70 ಲಕ್ಷಕ್ಕೆ 100 ಚೀಲ ಕೊಂಡು ಕಡ ತೀರಿಸುತ್ತಾನೆ. ಉಳಿದ 30 ಸಾವಿರದಲ್ಲಿ ಗಿರಣಿಯವರಿಗೆ ಒಂದಿಷ್ಟು ಬಾಡಿಗೆಯ ಹಣ ಕೊಟ್ಟು ಮಿಕ್ಕಿದ್ದನ್ನು ಇಟ್ಟುಕೊಳ್ಳುತ್ತಾನೆ.

ಎಣಿಕೆ ತಪ್ಪಿದರೆ? ಈ ಭಾಗದ ಭತ್ತ ತುಂಗಭದ್ರೆಯ ಕಾಲುವೆ ನೀರನ್ನು ನಂಬಿದ ಬೆಳೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಸರಪಳಿ ಕಡಿದು ಕೊಚ್ಚಿಹೋಗಿ ನೀರು ನದಿಗೆ ಹರಿದಾಗ ಇಡೀ ಸೀಮೆ ನಿದ್ದೆಗೆಟ್ಟಿತ್ತು. ಅಂಥ ಒಂದು ರಾತ್ರಿ ಸಾಕು, ಇಲ್ಲದ ಭತ್ತ ಮಾರಿಕೊಂಡವನ ಲೆಕ್ಕವೆಲ್ಲ ತಲೆಕೆಳಗಾಗಲು. ಕೊಂಡವನು ಕಳೆದುಕೊಳ್ಳುವುದು ಹೆಚ್ಚೆಂದರೆ ತಾನು ಹಾಕಿದಷ್ಟು ಹಣ. ಬೆಲೆ ಸೊನ್ನೆಗಿಂತ ಕೆಳಗೆ ಇಳಿಯದು. ಮಾರಿದವನ ನಷ್ಟಕ್ಕೆ ಅಂಥ ತಳವಿಲ್ಲ, ಏಕೆಂದರೆ ಬೆಲೆಯ ಏರಿಕೆಗೆ ಆಕಾಶವೇ ಮಿತಿ.

ಕಡದ ಈ ವ್ಯವಹಾರಕ್ಕೆ ಎರಡು ಕೈಗಳು ಬೇಕು ಎಂಬುದನ್ನು ಗಮನಿಸಬೇಕು. ಕಡ ಕೊಡುವ ಕೈ ಒಂದು, ಕೊಳ್ಳುವ ಕೈ ಇನ್ನೊಂದು. ಫೋನಿನಲ್ಲಿ ಆರ್ಡರ್ ಬಿದ್ದುಹೋಗುವುದು ಈ ಎರಡರಲ್ಲಿ ಒಂದು ಇಲ್ಲದಾಗ.

ಮೂರು ಇಪ್ಪತ್ತರ ಗಡಿ

ಮೊದಲು ಕಡ ಕೊಡುವ ಕೈಯ ವಿಚಾರ. ನಮ್ಮ ದೇಶದ ನಗದು ಷೇರು ಪೇಟೆಯಲ್ಲಿ ಸಾಮಾನ್ಯ ಹೂಡಿಕೆದಾರ ಇಲ್ಲದ ಷೇರನ್ನು ಬೆಳಿಗ್ಗೆ ಮಾರಿ ಅದೇ ದಿನ ಕೊಂಡು ಮುಗಿಸಬಹುದು. ಇದಕ್ಕೆ ಕಡದ ಗೊಡವೆಯೇ ಇಲ್ಲ. ಸಂಜೆಗೆ ಲೆಕ್ಕ ಸಮವಾದರೆ ಯಾರಿಗೂ ಯಾವ ಷೇರನ್ನೂ ಒಪ್ಪಿಸಬೇಕಿಲ್ಲ. ‘ಇಂಟ್ರಾಡೇ’ ಎಂದು ಎಲ್ಲರ ಬಾಯಲ್ಲಿ ಓಡಾಡುವ ಪದ ಇದೇ. ಪೇಟೆ ತೆರೆಯುವುದು ಬೆಳಿಗ್ಗೆ 9.15ಕ್ಕೆ, ಮುಚ್ಚುವುದು ಮಧ್ಯಾಹ್ನ 3.30ಕ್ಕೆ. ಆದರೆ ಬಹುತೇಕ ದಲ್ಲಾಳಿ ಸಂಸ್ಥೆಗಳ ಗಣಕಯಂತ್ರ 3.20ರ ಆಸುಪಾಸಿನಲ್ಲಿ ಗ್ರಾಹಕನನ್ನು ಕೇಳದೆಯೇ ಅವನ ಪರವಾಗಿ ಕೊಂಡು ವ್ಯವಹಾರ ಮುಗಿಸುತ್ತದೆ. ಅಂದರೆ ಬಳ್ಳಾರಿಯ ಕರಡಿಗೆ ಆಯಸ್ಸು ಆರು ಗಂಟೆ ಚಿಲ್ಲರೆ. ಕಂಪನಿಯೊಂದು ಮುಂದಿನ ಮೂರು ತಿಂಗಳಲ್ಲಿ ಕುಸಿಯುತ್ತದೆಂದು ಅವನು ಸರಿಯಾಗಿಯೇ ಊಹಿಸಿದ್ದರೂ ಆ ಜ್ಞಾನದಿಂದ ಇಲ್ಲಿ ಪ್ರಯೋಜನವಿಲ್ಲ; ಇಂದು ಮಧ್ಯಾಹ್ನದೊಳಗೆ ಕುಸಿಯಬೇಕು.

ಆರ್ಡರ್ ಹಾಕುವಾಗ ‘ಇಂಟ್ರಾಡೇ’ ಬದಲು ‘ಡೆಲಿವರಿ’ ಎಂದು ಆರಿಸಿಕೊಂಡರೆ ಯಂತ್ರ ಮೊದಲು ನೋಡುವುದು ಡಿಮ್ಯಾಟ್ ಖಾತೆಯನ್ನು. ಅಲ್ಲಿ ಷೇರು ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಕೆಲವು ಷೇರುಗಳಲ್ಲಿ ಇಂಟ್ರಾಡೇ ಕೂಡ ಸಾಧ್ಯವಿಲ್ಲ. ಬೆಲೆ ಅತಿಯಾಗಿ ಹೊಯ್ದಾಡುವ, ಕೈಬದಲು ಕಡಿಮೆಯಿರುವ ಷೇರುಗಳನ್ನು ವಿನಿಮಯ ಕೇಂದ್ರಗಳು ‘ಟ್ರೇಡ್ ಟು ಟ್ರೇಡ್’ ಎಂಬ ಗುಂಪಿಗೆ ಸೇರಿಸುತ್ತವೆ. ಅಲ್ಲಿ ಮಾರಿದ ಪ್ರತಿ ಷೇರನ್ನೂ ಒಪ್ಪಿಸಲೇಬೇಕು. ಸಂಜೆ ಕೊಂಡು ಲೆಕ್ಕ ಸಮ ಮಾಡುವ ಅವಕಾಶವಿಲ್ಲ. ಇವುಗಳ ಜೊತೆಗೆ ನಿಗಾ ಪಟ್ಟಿಯಲ್ಲಿರುವ ಷೇರುಗಳಿಗೆ ದಲ್ಲಾಳಿ ಸಂಸ್ಥೆಗಳು ತಾವಾಗಿಯೇ ಬಾಗಿಲು ಹಾಕುವುದುಂಟು. ವಿಪರ್ಯಾಸವೆಂದರೆ, ಬೇಕಾಬಿಟ್ಟಿ ಏರಿ ‘ಇದು ಬಿದ್ದೇ ಬೀಳುತ್ತದೆ’ ಎಂದು ಎಲ್ಲರಿಗೂ ಅನಿಸುವ ಷೇರುಗಳೇ ಸಾಮಾನ್ಯವಾಗಿ ಈ ಪಟ್ಟಿಯಲ್ಲಿರುತ್ತವೆ. ಯಾವುದನ್ನು ಮಾರಲು ಕೈ ತುರಿಸುತ್ತದೋ ಅದೇ ಸಿಗದು.

ಠೇವಣಿಯ ಲೆಕ್ಕವೂ ಬಿಗಿಯಾಗಿದೆ. ಹಿಂದೆ ಕೆಲವು ದಲ್ಲಾಳಿಗಳು ಗ್ರಾಹಕನ ಹಣದ ಹತ್ತು ಇಪ್ಪತ್ತು ಪಟ್ಟು ವ್ಯವಹಾರಕ್ಕೆ ಬಿಡುತ್ತಿದ್ದರು. ಷೇರು ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2020ರ ಡಿಸೆಂಬರ್‌ನಿಂದ 2021ರ ಸೆಪ್ಟೆಂಬರ್‌ವರೆಗೆ ನಾಲ್ಕು ಹಂತಗಳಲ್ಲಿ ಜಾರಿಗೆ ತಂದ ನಿಯಮದಿಂದಾಗಿ ನಗದು ಪೇಟೆಯಲ್ಲಿ ವ್ಯವಹಾರದ ಮೊತ್ತದ ಕನಿಷ್ಠ ಐದನೇ ಒಂದು ಭಾಗ ಖಾತೆಯಲ್ಲಿ ಇರಲೇಬೇಕಾಯಿತು. ಬೆಳಿಗ್ಗೆ ಹಾಕಿದ ಆರ್ಡರ್ ಹಣ ಸಾಲದೆಂದು ಹಿಂದಿರುಗುವುದಕ್ಕೆ ಇದೂ ಒಂದು ಕಾರಣ.

ಇನ್ನು ಕೊಳ್ಳುವ ಕೈ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ 1994ರಲ್ಲಿ ಗಣಕೀಕೃತ ವಹಿವಾಟು ಆರಂಭಿಸಿದಾಗಿನಿಂದ ಆರ್ಡರ್‌ಗಳ ಸಾಲಿಗೆ ಒಂದೇ ನ್ಯಾಯ: ಉತ್ತಮ ಬೆಲೆಗೆ ಮೊದಲ ಮಣೆ, ಬೆಲೆ ಒಂದೇ ಆದರೆ ಮೊದಲು ಬಂದವನಿಗೆ ಮೊದಲ ಮಣೆ. ರೇಷನ್ ಅಂಗಡಿಯ ಸಾಲಿನಂತೆಯೇ. 500 ರೂಪಾಯಿಗೆ ಮಾರುತ್ತೇನೆಂದು ಒಬ್ಬಾತ 100 ಷೇರುಗಳ ಆರ್ಡರ್ ಹಾಕಿದ ಎನ್ನೋಣ. ಅವನ ಮುಂದೆ ಅದೇ ಬೆಲೆಗೆ 8,000 ಷೇರು ಸಾಲಿನಲ್ಲಿವೆ. 6,000 ಮಾರಾಟವಾದ ಮೇಲೆ ಬೆಲೆ ತಿರುಗಿ 499, 497, 495 ಎಂದು ಇಳಿಯಿತು. ಅವನ ಊಹೆ ನೂರಕ್ಕೆ ನೂರು ನಿಜವಾಯಿತು, ಆರ್ಡರ್ ಮಾತ್ರ ನಿಂತಲ್ಲೇ ನಿಂತಿತು. ಎಷ್ಟಾದರೂ ಸರಿ ಎಂದು ಬೆಲೆ ನಮೂದಿಸದೆ ಮಾರಲು ಹೊರಟರೆ, ಕೊಳ್ಳುವವರು ವಿರಳವಾದ ಷೇರಿನಲ್ಲಿ 495ರ ಬದಲು 490ಕ್ಕೆ, 488ಕ್ಕೆ ತುಂಡುತುಂಡಾಗಿ ಮಾರಾಟವಾಗಿ, ಲಾಭವಾಗಬೇಕಿದ್ದ ಇಳಿತವೆಲ್ಲ ಮಾರುವುದರಲ್ಲೇ ಕರಗಿಹೋಗುತ್ತದೆ. ಕೆಟ್ಟ ಸುದ್ದಿ ಬಂದ ದಿನ ಷೇರು ಕೆಳಗಿನ ಮಿತಿ ಮುಟ್ಟಿದರಂತೂ ಸಾಲಿನಲ್ಲಿ ಮಾರುವವರು ಮಾತ್ರ. ಎದುರು ಸಾಲು ಖಾಲಿ.

ಆದರೆ ಆರ್ಡರ್ ಬೀಳದೆ ಹೋಗುವುದು ಸಣ್ಣ ತೊಂದರೆ. ಬಿದ್ದ ಮೇಲೆ ಹೊರಬರಲಾಗದಿರುವುದೇ ದೊಡ್ಡದು. ಫ್ಯೂಚರ್ಸ್ ವಹಿವಾಟು ಇಲ್ಲದ ಷೇರುಗಳಿಗೆ ದಿನದ ಏರಿಳಿತಕ್ಕೆ ಶೇ 2, 5, 10 ಅಥವಾ 20ರ ಮಿತಿಯಿದೆ. ಪೇಟೆಯ ಭಾಷೆಯಲ್ಲಿ ‘ಸರ್ಕ್ಯೂಟ್’. ಶೇ 5ರ ಮಿತಿಯ ಷೇರನ್ನು, ಹಿಂದಿನ ದಿನದ ಮುಕ್ತಾಯ ಬೆಲೆಯಾದ 500ಕ್ಕೇ ನೂರು ಮಾರಿಕೊಂಡವನು ಮಧ್ಯಾಹ್ನ ಅದು 525ಕ್ಕೆ ಏರಿ ಬೀಗ ಬಿದ್ದದ್ದನ್ನು ನೋಡುತ್ತಾನೆ. ಈಗ ಕೊಳ್ಳುವವರ ಸಾಲಿದೆ, ಮಾರುವವರಿಲ್ಲ. 3.20ಕ್ಕೆ ಯಂತ್ರ ಅವನ ಪರವಾಗಿ ಕೊಳ್ಳಲು ಹೋದರೂ ಆ ಸಾಲಿನ ಕೊನೆಯಲ್ಲೇ ನಿಲ್ಲಬೇಕು. ದಿನ ಮುಗಿಯುತ್ತದೆ. ಅವನು ಈಗ ಇಲ್ಲದ 100 ಷೇರನ್ನು ಯಾರಿಗೋ ಒಪ್ಪಿಸಬೇಕಾದ ಬಾಕಿದಾರ.

ಮಾರನೆಯ ದಿನ ವಿನಿಮಯ ಕೇಂದ್ರವೇ ಹರಾಜು ಕರೆದು ಆ ಷೇರುಗಳನ್ನು ಕೊಳ್ಳುತ್ತದೆ. ಅಲ್ಲಿ ಬೆಲೆ ಹೇಳುವವನು ಮಾರುವವನು. ಕೊಳ್ಳುವವನಿಗೆ ಬೇರೆ ದಾರಿಯಿಲ್ಲವೆಂದು ಅವನಿಗೆ ಗೊತ್ತು. 560ಕ್ಕೆ ಸಿಕ್ಕರೆ ನಷ್ಟ 6,000 ರೂಪಾಯಿ, ದಂಡ ಬೇರೆ. ಹರಾಜಿನಲ್ಲೂ ಸಿಗದಿದ್ದರೆ ಹಣದಲ್ಲೇ ಇತ್ಯರ್ಥ: ಮಾರಿದ ದಿನದಿಂದ ಹರಾಜಿನ ದಿನದವರೆಗಿನ ಅತ್ಯಧಿಕ ಬೆಲೆ ಅಥವಾ ಹರಾಜಿನ ದಿನದ ಮುಕ್ತಾಯ ಬೆಲೆಯ ಮೇಲೆ ಶೇ 20, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ದಲ್ಲಾಳಿ ಸಂಸ್ಥೆಗಳು ಕೆಲವು ಷೇರುಗಳಿಗೆ ಮೊದಲೇ ಬಾಗಿಲು ಹಾಕುವುದು ಏಕೆಂದು ಈಗ ಅರ್ಥವಾದೀತು. ಗ್ರಾಹಕ ಕೈಚೆಲ್ಲಿದರೆ ಆ ಹಣವನ್ನು ಕಟ್ಟಬೇಕಾದವರು ಅವರೇ.

ಹತ್ತಿಯಿಂದ ಬದ್ಲಾವರೆಗೆ

ಇಷ್ಟೊಂದು ಬೇಲಿ ಏಕೆ? ಕರಡಿಯ ಮೇಲಿನ ಅನುಮಾನ ಷೇರು ಪೇಟೆಯಷ್ಟೇ ಹಳೆಯದು. ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1602ರಲ್ಲಿ. ಏಳೇ ವರ್ಷಗಳಲ್ಲಿ, ಅದರ ನಿರ್ದೇಶಕನಾಗಿದ್ದು ಜಗಳವಾಡಿ ಹೊರಬಂದ ಐಸಾಕ್ ಲ ಮೇರ್ ಎಂಬ ವರ್ತಕ ಆಮ್‌ಸ್ಟರ್‌ಡ್ಯಾಮಿನಲ್ಲಿ ಕೂಟ ಕಟ್ಟಿಕೊಂಡು ಅದೇ ಕಂಪನಿಯ ಷೇರುಗಳನ್ನು ಕೈಯಲ್ಲಿಲ್ಲದೆಯೇ ಮಾರತೊಡಗಿದ. 1610ರಲ್ಲಿ ಡಚ್ ಸರ್ಕಾರ ಇಲ್ಲದ ಷೇರು ಮಾರುವುದನ್ನು ನಿಷೇಧಿಸಿತು. ಆ ನಿಷೇಧವನ್ನು ಯಾರೂ ಹೆಚ್ಚು ಕಾಲ ಪಾಲಿಸಲಿಲ್ಲ ಎಂಬುದು ಬೇರೆ ಮಾತು.

ನಮ್ಮಲ್ಲಿ ಈ ಕಥೆ ಹತ್ತಿಯಿಂದ ಶುರುವಾಗುತ್ತದೆ, ಹತ್ತಿಯೆಂದರೆ ಬಳ್ಳಾರಿಯೂ ಬರುತ್ತದೆ. ಬಳ್ಳಾರಿ, ಕರ್ನೂಲು ಭಾಗದ ಹತ್ತಿಗೆ ಬ್ರಿಟಿಷರ ಕಾಲದ ಪೇಟೆಯಲ್ಲಿ ‘ವೆಸ್ಟರ್ನ್ಸ್’ ಎಂಬ ಹೆಸರೇ ಇತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತಾಗ ಭಾರತದ ಹತ್ತಿಗೆ ಚಿನ್ನದ ಬೆಲೆ ಬಂತು. ಆ ಹಣ ಮುಂಬಯಿಗೆ ಹರಿದು, ಪ್ರೇಮಚಂದ್ ರಾಯಚಂದ್‌ರಂಥ ದಲ್ಲಾಳಿಗಳ ಕೈಯಲ್ಲಿ ಷೇರುಗಳ ಹುಚ್ಚಾಗಿ ಬೆಳೆಯಿತು. ಈಗ ಮಾತು, ಮುಂದೊಂದು ದಿನ ಹಣ ಮತ್ತು ಷೇರು ಎಂಬ ವಾಯಿದೆ ವ್ಯವಹಾರ ಬೀದಿಬೀದಿಯಲ್ಲಿ ನಡೆಯಿತು. ಕೊಂಡವನ ಬಳಿ ಹಣವಿರಲಿಲ್ಲ, ಮಾರಿದವನ ಬಳಿ ಷೇರಿರಲಿಲ್ಲ. 1865ರಲ್ಲಿ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿಯಿತು. ವಾಯಿದೆಗಳು ಮುಗಿಯಬೇಕಿದ್ದ ಜುಲೈ 1ರಂದು ಮುಂಬಯಿ ದಿವಾಳಿಯೆದ್ದಿತು. ಅಂದಿನ ಬ್ಯಾಂಕ್ ಆಫ್ ಬಾಂಬೆ ಕೂಡ ಅದರ ಪೆಟ್ಟಿನಿಂದ ಚೇತರಿಸಿಕೊಳ್ಳಲಿಲ್ಲ.

ಸ್ವಾತಂತ್ರ್ಯಾನಂತರ 1969ರ ಜೂನ್ 27ರಂದು ಕೇಂದ್ರ ಸರ್ಕಾರ ಷೇರುಗಳ ವಾಯಿದೆ ವಹಿವಾಟನ್ನು ನಿಷೇಧಿಸಿತು. ಪೇಟೆ ಒಳದಾರಿ ಹುಡುಕಿತು. ಅದೇ ‘ಬದ್ಲಾ’. ಆಗ ಮುಂಬಯಿ ಪೇಟೆಯಲ್ಲಿ ಹದಿನಾಲ್ಕು ದಿನಗಳಿಗೊಮ್ಮೆ ಲೆಕ್ಕ ಇತ್ಯರ್ಥವಾಗುತ್ತಿತ್ತು. ಅಂದು ಹಣ ಕೊಡಲಾಗದ ಗೂಳಿ, ಷೇರು ಕೊಡಲಾಗದ ಕರಡಿ ಇಬ್ಬರೂ ಶುಲ್ಕ ತೆತ್ತು ವ್ಯವಹಾರವನ್ನು ಮುಂದಿನ ಅವಧಿಗೆ ತಳ್ಳಬಹುದಿತ್ತು. ಹಣದ ಅಭಾವವಿದ್ದರೆ ಗೂಳಿಯೇ ಶುಲ್ಕ ಕೊಡಬೇಕು. ಷೇರಿನ ಅಭಾವವಿದ್ದರೆ ಕರಡಿ ಕೊಡಬೇಕು. ಈ ಎರಡನೆಯದಕ್ಕೆ ‘ಉಂಧಾ ಬದ್ಲಾ’ ಎಂದು ಹೆಸರು, ಅಂದರೆ ತಲೆಕೆಳಗಾದ ಬದ್ಲಾ. ಸೇರು ಅಕ್ಕಿಯ ಕಡಕ್ಕೆ ತೆರುವ ಬಾಡಿಗೆ ಎಂದರೂ ಸರಿಯೇ.

ಉಂಧಾ ಬದ್ಲಾ ಇಡೀ ಪೇಟೆಗೇ ಬೀಗ ಹಾಕಿಸಿದ ಪ್ರಸಂಗ 1982ರದು. ಕಲ್ಕತ್ತೆಯ ಕರಡಿಗಳ ಕೂಟವೊಂದು ಆ ಮಾರ್ಚ್‌ನಲ್ಲಿ ರಿಲಯನ್ಸ್ ಷೇರುಗಳನ್ನು ಇಲ್ಲದೆಯೇ ಮಾರತೊಡಗಿತು. ಬೆಲೆ ಬಿದ್ದರೆ ಅಗ್ಗಕ್ಕೆ ಕೊಂಡು ಒಪ್ಪಿಸುವ ಎಣಿಕೆ. ಆದರೆ ಕಂಪನಿಯ ಹಿತೈಷಿಗಳೆನಿಸಿಕೊಂಡ ದಲ್ಲಾಳಿಗಳು ಮಾರಿದ್ದನ್ನೆಲ್ಲ ಕೊಳ್ಳುತ್ತ ಹೋದರು. ಏಪ್ರಿಲ್ ಕೊನೆಯ ಇತ್ಯರ್ಥದ ದಿನ ಬದ್ಲಾಕ್ಕೆ ಒಪ್ಪದೆ, ಮಾರಿದ ಷೇರುಗಳನ್ನು ಒಪ್ಪಿಸಿ ಎಂದು ಪಟ್ಟು ಹಿಡಿದರು. ಇಲ್ಲವಾದರೆ ಷೇರಿಗೆ 25 ರೂಪಾಯಿ ಉಂಧಾ ಬದ್ಲಾ ಕೊಡಿ ಎಂದರು. ಕರಡಿಗಳ ಬಳಿ ಷೇರೂ ಇಲ್ಲ, ಅಷ್ಟು ಹಣವೂ ಇಲ್ಲ. ಮುಂಬಯಿ ಷೇರು ಪೇಟೆ ಮೂರು ದಿನ ಮುಚ್ಚಬೇಕಾಯಿತು. ಕೊನೆಗೆ ಕರಡಿಗಳು ದೇಶವೆಲ್ಲ ತಡಕಾಡಿ ದುಬಾರಿ ಬೆಲೆಗೆ ರಿಲಯನ್ಸ್ ಷೇರು ಕೊಂಡು ತಂದು ಒಪ್ಪಿಸಿದರು. ಧೀರೂಭಾಯಿ ಅಂಬಾನಿ ಅವರ ಹೆಸರು ಷೇರು ಪೇಟೆಯಲ್ಲಿ ದಂತಕಥೆಯಾದದ್ದು ಈ ಪ್ರಸಂಗದಿಂದ.

2001ರ ಮಾರ್ಚ್‌ನಲ್ಲಿ ಪೇಟೆ ಕುಸಿದಾಗ ಕರಡಿಗಳೇ ಕಾರಣವೆಂಬ ಕೂಗೆದ್ದು ಸೆಬಿ ಶಾರ್ಟ್ ಸೆಲ್ಲಿಂಗ್‌ಗೆ ನಿಷೇಧ ಹೇರಿತು. ಅದೇ ಜುಲೈನಲ್ಲಿ ಬದ್ಲಾವೂ ಕೊನೆಯಾಯಿತು. ಆಮೇಲೆ ಇತ್ಯರ್ಥದ ಅವಧಿ ಐದು ದಿನ, ಮೂರು ದಿನ, 2003ರಲ್ಲಿ ಎರಡು ದಿನ ಎಂದು ಕುಗ್ಗುತ್ತ 2023ರ ಜನವರಿ 27ರಿಂದ ಎಲ್ಲ ಷೇರುಗಳಿಗೂ ಒಂದೇ ದಿನವಾಯಿತು. ಕೊಂಡವನಿಗೆ ಷೇರು, ಮಾರಿದವನಿಗೆ ಹಣ ಬೇಗ ಸಿಗುವಂತಾದುದು ಒಳ್ಳೆಯದೇ. ಆದರೆ ಅದರ ಇನ್ನೊಂದು ಮುಖವನ್ನು ಯಾರೂ ಹೆಚ್ಚಾಗಿ ಹೇಳುವುದಿಲ್ಲ: ಷೇರು ಹುಡುಕಲು ಹಿಂದಿನ ಕರಡಿಗೆ ಸಿಗುತ್ತಿದ್ದ ಹದಿನಾಲ್ಕು ದಿನ ಈಗ ಒಂದು ಮಧ್ಯಾಹ್ನವಾಗಿದೆ.

ಕಡ ಕೊಡುವವರೆಲ್ಲಿ?

ಹಾಗಾದರೆ ಕ್ರಮಬದ್ಧವಾಗಿ ಕಡ ಪಡೆದು ಮಾರುವ ದಾರಿಯೇ ಇಲ್ಲವೇ ಎಂದು ಓದುಗರು ಕೇಳಬಹುದು. ಇದೆ. ಸೆಬಿ 2008ರ ಏಪ್ರಿಲ್ 21ರಂದು ಷೇರುಗಳ ಕಡ ವ್ಯವಸ್ಥೆಯೊಂದನ್ನು ಆರಂಭಿಸಿತು. ಷೇರುಳ್ಳವರು ಬಾಡಿಗೆಗೆ ಕೊಡಬಹುದು, ಬೇಕಾದವರು ಪಡೆದು ಮಾರಬಹುದು, ನಡುವೆ ಕ್ಲಿಯರಿಂಗ್ ಸಂಸ್ಥೆ ಜಾಮೀನು ನಿಲ್ಲುತ್ತದೆ. ಮೊದಲಿಗೆ ಏಳು ದಿನದ ಕಡ ಮಾತ್ರ ಇತ್ತು; ವಾರದ ಕಡ ಯಾರಿಗೆ ಸಾಕು? ಮುಂದೆ ಅವಧಿಯನ್ನು ಹನ್ನೆರಡು ತಿಂಗಳವರೆಗೆ ಹಿಗ್ಗಿಸಲಾಯಿತು. ಆದರೂ ಇದು ಜನರ ಬಳಕೆಗೆ ಬರಲಿಲ್ಲ. ಎಲ್ಲ ದಲ್ಲಾಳಿ ಸಂಸ್ಥೆಗಳೂ ಈ ಸೌಲಭ್ಯ ಕೊಡುವುದಿಲ್ಲ. ಷೇರುಗಳ ದೊಡ್ಡ ಪಾಲು ಕಂಪನಿಗಳ ಪ್ರವರ್ತಕರ ಬಳಿ ಇದ್ದು ಅವು ಪೇಟೆಗೇ ಬರುವುದಿಲ್ಲ. ಸಣ್ಣ ಹೂಡಿಕೆದಾರನಿಗೆ ತನ್ನ ಷೇರನ್ನು ಬಾಡಿಗೆಗೆ ಕೊಡಬಹುದೆಂಬುದೇ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಬರುವ ಬಾಡಿಗೆ ಕಾಫಿಯ ಖರ್ಚಿಗೆ ಸಾಲದು. ಪಕ್ಕದ ಮನೆಯಲ್ಲಿ ಅಕ್ಕಿಯಿದೆ, ಆದರೆ ಬಾಗಿಲು ತಟ್ಟಿದರೆ ಯಾರೂ ತೆರೆಯುವುದಿಲ್ಲ.

ಅದಾನಿ ಸಮೂಹದ ಮೇಲೆ 2023ರ ಜನವರಿ 24ರಂದು ವರದಿ ಹೊರಡಿಸಿದ ಅಮೆರಿಕದ ಹಿಂಡನ್‌ಬರ್ಗ್ ಸಂಸ್ಥೆ, ತಾನು ಕರಡಿಯಾಗಿರುವುದು ಅಮೆರಿಕದಲ್ಲಿ ವಹಿವಾಟಾಗುವ ಬಾಂಡ್‌ಗಳು ಮತ್ತು ಭಾರತದ ಹೊರಗೆ ವಹಿವಾಟಾಗುವ ಕರಾರುಗಳ ಮೂಲಕ ಎಂದು ಹೇಳಿಕೊಂಡದ್ದನ್ನು ಇಲ್ಲಿ ನೆನೆಯಬಹುದು. ಒಂದು ವರ್ಷದ ನಂತರ, 2024ರ ಜನವರಿ 5ರಂದು ಸೆಬಿ ಹೊರಡಿಸಿದ ಸುತ್ತೋಲೆ ಶಾರ್ಟ್ ಸೆಲ್ಲಿಂಗ್‌ಗೆ ಎಲ್ಲ ವರ್ಗದ ಹೂಡಿಕೆದಾರರಿಗೂ ಅನುಮತಿಯಿದೆ, ಆದರೆ ಷೇರು ಒಪ್ಪಿಸದೆ ಕೈಚೆಲ್ಲುವ ‘ನೇಕೆಡ್’ ಮಾರಾಟ ನಿಷಿದ್ಧ ಎಂದು ಮತ್ತೆ ಸ್ಪಷ್ಟಪಡಿಸಿತು.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ತೊಂದರೆ ಬೇರೆ ರೂಪದಲ್ಲಿ ಗೊತ್ತಿರುತ್ತದೆ. ಅಲ್ಲಿ ಆರ್ಡರ್ ಸ್ವೀಕರಿಸುವ ಮೊದಲೇ ದಲ್ಲಾಳಿ ಕಡ ಸಿಗುವ ಷೇರನ್ನು ಗುರುತಿಸಿಟ್ಟಿರಬೇಕು. ಜೊತೆಗೆ 1938ರಿಂದ 2007ರವರೆಗೆ ಇನ್ನೊಂದು ನಿಯಮವಿತ್ತು: ಬೆಲೆ ಒಂದು ಮೆಟ್ಟಿಲಾದರೂ ಏರಿದಾಗ ಮಾತ್ರ ಇಲ್ಲದ ಷೇರು ಮಾರಬಹುದು. ಒಂದೇ ಸಮನೆ ಇಳಿಯುವ ಪೇಟೆಯಲ್ಲಿ ಮೆಟ್ಟಿಲು ಏರುವುದಾದರೂ ಯಾವಾಗ? ಆರ್ಡರ್ ಹಾಗೆಯೇ ಉಳಿಯುತ್ತಿತ್ತು. 2010ರಲ್ಲಿ ಇದರ ಇನ್ನೊಂದು ರೂಪ ಮರಳಿ ಬಂತು. ಷೇರು ಒಂದೇ ದಿನ ಶೇ 10ರಷ್ಟು ಬಿದ್ದರೆ ಮಾತ್ರ ಅದು ಜಾರಿಗೆ ಬರುತ್ತದೆ.

ಬಳ್ಳಾರಿಯ ಕರಡಿಗೆ ಉಳಿದ ದಾರಿ ಫ್ಯೂಚರ್ಸ್. 2001ರ ನವೆಂಬರ್‌ನಲ್ಲಿ ಬಿಡಿ ಷೇರುಗಳಿಗೂ ಬಂದ ಈ ಪದ್ಧತಿಯಲ್ಲಿ ಒಂದರಿಂದ ಮೂರು ತಿಂಗಳ ವಾಯಿದೆಗೆ ಮಾರಬಹುದು. ತೋರಣಗಲ್ಲಿನಲ್ಲಿ ಬೃಹತ್ ಕಾರ್ಖಾನೆ ಹೊಂದಿರುವ ಜೆಎಸ್‌ಡಬ್ಲ್ಯು ಸ್ಟೀಲ್‌ನಂಥ ದೊಡ್ಡ ಕಂಪನಿಗಳ ಷೇರಿಗೆ ಈ ಅವಕಾಶವುಂಟು, ಸಣ್ಣಪುಟ್ಟ ಕಂಪನಿಗಳಿಗಿಲ್ಲ. ಆದರೆ ಕರಾರಿನ ಮೊತ್ತ ಲಕ್ಷಗಳಲ್ಲಿರುತ್ತದೆ; 2015ರಲ್ಲಿ ಸೆಬಿ ಕನಿಷ್ಠ ಮೊತ್ತವನ್ನು 2 ಲಕ್ಷದಿಂದ 5 ಲಕ್ಷಕ್ಕೇರಿಸಿತು. ಫಲಿತಾಂಶ? ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2024ರ ಮಾರ್ಚ್‌ಗೆ ಮುಗಿದ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93 ಮಂದಿ ಕಳೆದುಕೊಂಡವರೇ; ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು. ಅದೇ ವರ್ಷದ ಜುಲೈನ ಇನ್ನೊಂದು ಅಧ್ಯಯನ ಇಂಟ್ರಾಡೇ ವಹಿವಾಟುದಾರರಲ್ಲಿ ಹತ್ತಕ್ಕೆ ಏಳು ಮಂದಿ 2022-23ರಲ್ಲಿ ನಷ್ಟ ಅನುಭವಿಸಿದ್ದರೆಂದು, ಅವರಲ್ಲಿ ಮೂವತ್ತರೊಳಗಿನವರ ಪಾಲು ನಾಲ್ಕು ವರ್ಷಗಳಲ್ಲಿ ಶೇ 18ರಿಂದ 48ಕ್ಕೆ ಏರಿತ್ತೆಂದು ಹೇಳಿತು. ಇವರಲ್ಲಿ ಗೂಳಿಗಳೂ ಇದ್ದಾರೆ, ಕರಡಿಗಳೂ ಇದ್ದಾರೆ.

ಇರುವುದನ್ನು ಮಾರಲಾಗದವರು

ಇಲ್ಲಿಯವರೆಗಿನದು ಇಲ್ಲದ್ದನ್ನು ಮಾರುವವನ ಪಾಡು. ಬಳ್ಳಾರಿಯಿಂದ ಸಿರುಗುಪ್ಪದ ದಾರಿ ಹಿಡಿದರೆ ಇದಕ್ಕೆ ಪೂರ್ತಿ ವಿರುದ್ಧವಾದ ಪಾಡು ಎರಡೂ ಕಡೆಯ ಗದ್ದೆಗಳಲ್ಲಿ ಕಾಣುತ್ತದೆ. ಭತ್ತ ನಾಟಿ ಮಾಡಿದ ರೈತನ ಬಳಿ ಸರಕು ಇದೆ, ಇನ್ನು ನಾಲ್ಕು ತಿಂಗಳಿಗೆ ಕೈಗೆ ಬರುತ್ತದೆ. ಬೆಲೆ ಇಳಿದೀತೆಂಬ ಅಂಜಿಕೆಯೂ ಇದೆ. ಇಂದಿನ ಬೆಲೆಗೇ ಮುಂದಿನ ಫಸಲನ್ನು ಮಾರಿಬಿಟ್ಟರೆ ಅವನ ನಿದ್ದೆ ಅವನದು. ಇದು ಜೂಜಲ್ಲ, ಬೆಲೆ ಕುಸಿತದ ವಿರುದ್ಧ ವಿಮೆ. ವಾಯಿದೆ ಪೇಟೆಗಳು ಹುಟ್ಟಿದ್ದೇ ಇದಕ್ಕಾಗಿ. ಜಗತ್ತಿನ ಮೊದಲ ಸಂಘಟಿತ ವಾಯಿದೆ ಪೇಟೆಯೆಂದು ಹೆಸರಾದುದು ಜಪಾನಿನ ಒಸಾಕಾದ ದೋಜಿಮಾ ಪೇಟೆ. 1730ರಲ್ಲಿ ಅಲ್ಲಿನ ಷೋಗುನ್ ಸರ್ಕಾರ ಅದಕ್ಕೆ ಮಾನ್ಯತೆ ಕೊಟ್ಟಿತು. ಅಲ್ಲಿ ಮಾರಾಟಕ್ಕಿದ್ದ ಸರಕು ಷೇರಲ್ಲ, ಚಿನ್ನವಲ್ಲ, ಅಕ್ಕಿ.

ಅಂಥ ಅಕ್ಕಿಯೇ ನಮ್ಮ ವಾಯಿದೆ ಪೇಟೆಯಿಂದ ಹೊರಗಿದೆ. 2003ರಲ್ಲಿ ಕೇಂದ್ರ ಸರ್ಕಾರ ಕೃಷಿ ಸರಕುಗಳ ವಾಯಿದೆ ವಹಿವಾಟಿಗೆ ಮತ್ತೆ ಬಾಗಿಲು ತೆರೆಯಿತು. 2007ರ ಆರಂಭದಲ್ಲಿ ಬೆಲೆಯೇರಿಕೆಯ ಕೂಗೆದ್ದಾಗ ತೊಗರಿ, ಉದ್ದು, ಗೋಧಿ ಮತ್ತು ಅಕ್ಕಿಯನ್ನು ಹೊರಹಾಕಲಾಯಿತು. ವಾಯಿದೆ ವಹಿವಾಟಿನಿಂದಲೇ ಬೆಲೆ ಏರಿತೆನ್ನಲು ಖಚಿತ ಪುರಾವೆಯಿಲ್ಲವೆಂದು ಅಭಿಜಿತ್ ಸೇನ್ ಸಮಿತಿ 2008ರಲ್ಲಿ ಹೇಳಿತು. 2021ರ ಡಿಸೆಂಬರ್‌ನಲ್ಲಿ ಸೆಬಿ ಮತ್ತೆ ಏಳು ಸರಕುಗಳ ವಾಯಿದೆ ವಹಿವಾಟನ್ನು ಅಮಾನತಿನಲ್ಲಿಟ್ಟಿತು. ಅವುಗಳಲ್ಲಿ ಬಾಸ್ಮತಿಯಲ್ಲದ ಭತ್ತವೂ ಒಂದು. ಒಂದು ವರ್ಷಕ್ಕೆಂದು ಬಂದ ಆ ಆದೇಶ ಪದೇಪದೇ ವಿಸ್ತರಣೆಯಾಯಿತು. ಅಡುಗೆಮನೆಗೆ ಬೆಲೆ ಏರದಿರಲೆಂಬ ಕಾಳಜಿ ಸರಿಯೇ. ಆದರೆ ಅದೇ ಬೆಲೆ ಬಿದ್ದಾಗ ಪೆಟ್ಟು ತಿನ್ನುವವನ ಕೈಯಲ್ಲಿದ್ದ ಗುರಾಣಿಯನ್ನೂ ಅದು ಕಸಿಯುತ್ತದೆಂಬುದು ಚರ್ಚೆಗೆ ಬಂದದ್ದು ಕಡಿಮೆ.

ಗುರಾಣಿಯಿಲ್ಲದವನಿಗೆ ದಲಾಲಿ ಅಂಗಡಿಯೇ ಗತಿ. ಬಿತ್ತನೆಗೆ, ಗೊಬ್ಬರಕ್ಕೆ ಅಲ್ಲಿ ಮುಂಗಡ ಪಡೆದು ಫಸಲನ್ನು ಅಲ್ಲಿಗೇ ಹಾಕುವುದು ಹಳೆಯ ರೂಢಿ. ಇದೂ ಒಂದು ಬಗೆಯ ಮುಂಗಡ ಮಾರಾಟವೇ. ಸರಕು ಮೊದಲೇ ನಿಗದಿ, ಬೆಲೆ ಮಾತ್ರ ಅಲ್ಲ. ಏರಿಳಿತದ ಭಾರ ರೈತನ ಹೆಗಲಿನಲ್ಲೇ ಉಳಿಯುತ್ತದೆ.

ಆ ಭಾರ ಎಂಥದೆಂಬುದು 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಕಂಡಿತು. ಮೆಣಸಿನಕಾಯಿ ಬೆಲೆ ದಿಢೀರನೆ ಕುಸಿದದ್ದಕ್ಕೆ ಕೆರಳಿದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟರು. ಬ್ಯಾಡಗಿ ಇರುವುದು ಹಾವೇರಿ ಜಿಲ್ಲೆಯಲ್ಲಾದರೂ ಅಲ್ಲಿಗೆ ಬರುವ ಕಾಯಿಯಲ್ಲಿ ಬಳ್ಳಾರಿ ಸೀಮೆಯ ಪಾಲು ದೊಡ್ಡದು. ಕುರುಗೋಡು, ಸಿರುಗುಪ್ಪದ ಕಪ್ಪು ನೆಲದ ಮೆಣಸಿನಕಾಯಿ ಲಾರಿಯೇರಿ ಅಲ್ಲಿಗೆ ಹೋಗುತ್ತದೆ. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಲಾರಿ ಬಾಡಿಗೆ ತೆತ್ತು ನೂರಾರು ಕಿಲೋಮೀಟರ್ ದೂರ ಹೋದ ಮೇಲೆಯೇ ತನ್ನ ಸರಕಿನ ಬೆಲೆ ತಿಳಿಯುವ ವ್ಯಾಪಾರ ಜಗತ್ತಿನಲ್ಲಿ ಇನ್ನಾರಿಗಿದೆ?

ಹತ್ತಿಗೆ ವಾಯಿದೆ ಪೇಟೆಯಿದೆಯಲ್ಲ ಎನ್ನಬಹುದು. ನಿಜ. ಮುಂಬಯಿಯ ಎಂಸಿಎಕ್ಸ್ ವಿನಿಮಯ ಕೇಂದ್ರ 2023ರ ಫೆಬ್ರುವರಿಯಲ್ಲಿ ಹತ್ತಿಯ ಕರಾರನ್ನು ಹೊಸ ರೂಪದಲ್ಲಿ ತಂದಾಗ ಒಂದು ಕರಾರಿನ ಅಳತೆ 48 ಕ್ಯಾಂಡಿ. ಒಂದು ಕ್ಯಾಂಡಿ ಎಂದರೆ ಸುಮಾರು 356 ಕಿಲೋ. ಒಟ್ಟು 170 ಕ್ವಿಂಟಲ್ ಅರಳೆ. ನೂರು ಕಿಲೋ ಬಿಡಿಹತ್ತಿಗೆ ಮೂವತ್ತಮೂರು ಮೂವತ್ತನಾಲ್ಕು ಕಿಲೋ ಅರಳೆ ಎಂದು ಹಿಡಿದರೆ ಇದಕ್ಕೆ 500 ಕ್ವಿಂಟಲ್ ಹತ್ತಿ ಬೇಕು. ಎಕರೆಗೆ ಹತ್ತು ಕ್ವಿಂಟಲ್ ತೆಗೆಯುವ ಒಳ್ಳೆಯ ರೈತನಿಗೂ ಐವತ್ತು ಎಕರೆ ಬೇಕಾಯಿತು. ಜಿನ್ನಿಂಗ್ ಕಾರ್ಖಾನೆಯವರಿಗೆ, ದೊಡ್ಡ ವರ್ತಕರಿಗೆ ಇದು ಸರಿಹೋದೀತು. ಐದೆಕರೆಯವನು ತನ್ನ ಐವತ್ತು ಕ್ವಿಂಟಲ್‌ಗೆ ಒಂದು ಕರಾರು ಮಾರಿದರೆ, ಹತ್ತರಲ್ಲಿ ಒಂಬತ್ತು ಪಾಲು ಇಲ್ಲದ ಹತ್ತಿಯನ್ನೇ ಮಾರಿದಂತೆ. ಅಂದರೆ ರೈತನೂ ಕರಡಿಯೇ ಆಗಬೇಕು.

ರೈತ ಉತ್ಪಾದಕ ಸಂಸ್ಥೆಗಳು ಹತ್ತಾರು ರೈತರ ಸರಕನ್ನು ಒಟ್ಟುಗೂಡಿಸಿ ವಾಯಿದೆ ಪೇಟೆಯಲ್ಲಿ ಮಾರುವ ದಾರಿಯೊಂದಿದೆ. ಸರಕನ್ನು ನೋಂದಾಯಿತ ಗೋದಾಮಿನಲ್ಲಿಟ್ಟು ಅದರ ರಸೀತಿಯ ಮೇಲೆ ಬ್ಯಾಂಕಿನಲ್ಲಿ ಸಾಲ ಪಡೆದು ಬೆಲೆಗಾಗಿ ಕಾಯುವ ವ್ಯವಸ್ಥೆಗೆ 2007ರ ಉಗ್ರಾಣ ಕಾಯ್ದೆ ಕಾನೂನಿನ ಬಲ ಕೊಟ್ಟಿದೆ. ಮೆಣಸಿನಕಾಯಿ ಬೆಳೆಗಾರರು ಹೆಚ್ಚಾಗಿ ಮಾಡುವುದು ಇನ್ನೂ ಸರಳವಾದದ್ದು: ಬೆಲೆ ಬಿದ್ದ ವರ್ಷ ಚೀಲಗಳನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಕಾಯುತ್ತಾರೆ. ಬೆಲೆ ಏರಿದರೂ ಏರದಿದ್ದರೂ ಚೀಲದ ಲೆಕ್ಕದಲ್ಲಿ ಬಾಡಿಗೆ ಓಡುತ್ತಿರುತ್ತದೆ. ಮುಂದಿನ ಫಸಲು ಬರುವಷ್ಟರಲ್ಲಿ ಹಳೆಯದನ್ನು ಹೊರತೆಗೆಯಲೇಬೇಕು.